ಅಳಿಲು ಮಂತ್ರಿಯ ಗಂಟಲು

೨ ಜುಲೈ ೨೦೦೬, ಭಾನುವಾರ

ಮೊದಲಿಗೆ ಎಚ್ಚರಿಕೆ. ಈ ವಹಿಯನ್ನು ಅಪ್ಪಣೆಯಿಲ್ಲದೆ ತೆರೆದವರ ಟೂತ್‌ಪೇಸ್ಟಿನೊಳಗೆ ಮುಂದೆ ಏನೇನು ಸೇರಿಕೊಳ್ಳಬಹುದು ಎಂಬುದಕ್ಕೆ ಲೇಖಕರು ಜವಾಬ್ದಾರರಲ್ಲ. ಲೇಖಕರು: ಶ್ರೀಮಾನ್ ಪ್ರಜ್ವಲ ಅಮರೇಶಪ್ಪ, ವಯಸ್ಸು ಹದಿಮೂರು, ಎಂಟನೇ ಇಯತ್ತೆ, ಮೆಹದಿಪಟ್ಟಣಂ ಸಂಸ್ಥಾನ.

ಇಂದಿನ ರಾಜಕಾರ್ಯ ಇಂತಿದೆ. ನಮ್ಮ ಮಾಳಿಗೆ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ತರುಣಣ್ಣ ಮೈಸೂರಿನವರು. ಬಂಜಾರಾ ಹಿಲ್ಸಿನ ಒಂದು ಕಂಪನಿಯಲ್ಲಿ ಕುಳಿತು ಕಂಪ್ಯೂಟರಿನ ಮೇಲೆ ಅಳಿಲಿನ ಬಾಲಕ್ಕೆ ಕೂದಲು ಹಚ್ಚುತ್ತಾರೆ. ಸುಳ್ಳಲ್ಲ. ಫಾರಿನ್ನಿನವರು ಮಕ್ಕಳ ಪಿಕ್ಚರೊಂದನ್ನು ಮಾಡುತ್ತಿದ್ದಾರೆ. ಬಹಳ ಹಿಂದೆ ಅಲ್ಲಿಯ ಯಾರೋ ಅಜ್ಜಿ ಮೊಮ್ಮಕ್ಕಳಿಗೆಂದು ಬರೆದ ಕಥೆಗಳಂತೆ, ಅಲ್ಲಿ ಪ್ರತಿ ಮನೆಯಲ್ಲೂ ಆ ಪುಸ್ತಕವಿದೆಯಂತೆ. ಅದರಲ್ಲೊಂದು ಮಾತಾಡುವ ಅಳಿಲು. ಮೈ ಅಲ್ಲಿ ತಯಾರಾಗುತ್ತದೆ, ಬಾಲದ ಕೂದಲು ಮಾತ್ರ ಹೈದರಾಬಾದಿನಲ್ಲಿ. ಇಂಜಿನಿಯರಿಂಗ್ ಓದಿದ ಗಂಡಸು ಅಳಿಲಿಗೆ ಹೆರಳು ಹಾಕುವುದನ್ನು ಕೇಳಿ ನಮ್ಮ ಅಜ್ಜಿ ಬಸಲಿಂಗಮ್ಮ ಎರಡು ದಿನ ತರುಣಣ್ಣನಿಗೆ ಪುಕ್ಕಟೆ ರೊಟ್ಟಿ ಕಳಿಸಿದ್ದಳು, ಕನಿಕರದಿಂದ.

ನಿನ್ನೆ ತರುಣಣ್ಣನಿಗೆ ಅವರ ಕಂಪನಿಯ ಅನ್ವಿತಾ ಮೇಡಂ ಫೋನ್ ಮಾಡಿ, "ಭಾನುವಾರ ಬೆಳಗ್ಗೆ ಟೈ ಕಟ್ಟಿಕೊಂಡು ನಿಜವಾದ ಅಳಿಲೊಂದನ್ನು ಹತ್ತಿರದಿಂದ ನೋಡಿ ವರದಿ ಬರೆಯತಕ್ಕದ್ದು" ಎಂದು ಆಜ್ಞಾಪಿಸಿದರು. ಅನ್ವಿತಾ ಮೇಡಂ ಎಂದರೆ ನಾನು. ಅಪ್ಪ ಹೈಟೆಕ್ ಸಿಟಿಯ ಕಂಪನಿಗಳಿಗೆ ಕ್ಯಾಬು ಓಡಿಸುವ ಟ್ರಾವೆಲ್ಸ್ ಇಟ್ಟಿರುವುದರಿಂದ ನಮ್ಮ ಮನೆಯ ಫೋನು ಸದಾ ಬಡಿಯುತ್ತಿರುತ್ತದೆ. ಅದನ್ನು ಎತ್ತಿ ಎತ್ತಿ ನನ್ನ ಗಂಟಲು ಯಾರ ಗಂಟಲನ್ನಾದರೂ ಹೊದ್ದುಕೊಳ್ಳುವುದನ್ನು ಕಲಿತಿದೆ. ಹೆಂಗಸರ ದನಿ ನನ್ನ ಖಾಸಾ ಇಲಾಖೆ.

ತರುಣಣ್ಣ ಟೈ ಕಟ್ಟಿಕೊಂಡೇ ಬಂದರು. ಬೇವಿನ ಮರದ ಕೆಳಗೆ ಶೇಂಗಾ ಚೆಲ್ಲಿ ಕುಕ್ಕರಗಾಲಲ್ಲಿ ಕೂತರು. ವಾಚ್‌ಮನ್ ಬೂದೆಪ್ಪ ಬಂದು ಕೇಳಿದ, "ಏನ್ರೀ ಸಾರ್, ಹೆಣ್ಣು ನೋಡಾಕ ಹೊಂಟೀರೇನು?"

"ಇಲ್ಲಪ್ಪ, ಅಳಿಲು ನೋಡ್ತಿದ್ದೀನಿ."

ಬೂದೆಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಅದೂ ಚಲೋನ ಬಿಡ್ರಿ" ಎಂದು ಹೋದ.

ಮಾಳಿಗೆಯ ಮೇಲೆ ನಾನೂ ನನ್ನ ತಂಗಿ ನೀಲಾಳೂ ಬಾಯಿಗೆ ಟವೆಲ್ ತುರುಕಿಕೊಂಡು ಮಲಗಿದ್ದೆವು. ನೀಲಾ ನನ್ನ ಸಕಲ ಅಪರಾಧಗಳ ಸಹಚರಿ. ಎಂದೂ ಸಾಕ್ಷಿ ಹೇಳುವುದಿಲ್ಲ, ಏಕೆಂದರೆ ಮನೆಯ ಹೊರಗೆ ಅವಳು ಮಾತೇ ಆಡುವುದಿಲ್ಲ. ರಾಯಚೂರಿನಿಂದ ಬಂದ ಹೊಸತರಲ್ಲಿ ಸಾಲಿಯ ಹುಡುಗರು ಅವಳ ತೆಲುಗು ಕೇಳಿ ನಕ್ಕರಂತೆ. ಅಂದು ಹಾಕಿದ ಬೀಗ. ನಾನು ದಯಪಾಲಿಸಿದ ಬಿರುದು: ಮೌನಿಬಾಬಾ.

೪ ಜುಲೈ

ಬೆಳಗ್ಗೆ ನೀಲಾಳ ಕ್ಲಾಸಿನ ವೇದವತಿ ಮೇಡಂ ಫೋನ್ ಮಾಡಿದರು. ಹಾಜರಿ ಕೂಗಿದರೂ ಕೈ ಎತ್ತುತ್ತಾಳೆ, ಬಾಯಿ ತೆರೆಯುವುದಿಲ್ಲ, ಓದಿಸಿದರೆ ಅಳುತ್ತಾಳೆ, ಹೀಗೇ ಆದರೆ ಮುಂದಿನ ವರ್ಷವೂ ನಾಲ್ಕನೇ ಇಯತ್ತೆಯಲ್ಲೇ ಕೂರಿಸಬೇಕಾಗುತ್ತದೆ ಎಂದು ತೆಲುಗಿನಲ್ಲಿ ಹೇಳಿದರು. ಅವ್ವ ಫೋನಿಗೇ ತಲೆ ಬಾಗಿಸಿ "ಹೂನ್ರಿ, ಹೂನ್ರಿ" ಎಂದು ಕನ್ನಡದಲ್ಲಿ ಹೇಳಿದಳು.

ನಾನು ಸಮಾಧಾನ ಹೇಳಲು ಹೋದೆ. "ಮಂದಿ ಮಕ್ಕಳು ಮಾತಾಡಿ ಬೈಸ್ಕೋತಾವ. ನಮ್ಮದು ಪುಕ್ಕಟೆ ಶಾಂತಿ."

ಅವ್ವ ಲಟ್ಟಣಿಗೆ ಎತ್ತಿದಳು. ಸಮಾಧಾನ ಸಭೆ ಮುಂದೂಡಲ್ಪಟ್ಟಿತು.

ಸಂಜೆ ತರುಣಣ್ಣ ಮೆಟ್ಟಿಲ ಮೇಲೆ ನನ್ನನ್ನು ತಡೆದರು. "ಪ್ರಜ್ವಲ, ಅನ್ವಿತಾ ಮೇಡಂ ಮನೇಲಿ ಅಜ್ಜಿ ಯಾರಾದ್ರೂ ಇದ್ದಾರಾ?"

"ನನಗ್ಹೆಂಗ ಗೊತ್ತಣ್ಣಾ?"

"ಅಲ್ಲ, ಮೇಡಂ ಮಾತಾಡ್ತಿರುವಾಗ ಹಿಂದಿನಿಂದ ಯಾರೋ, 'ಪ್ರಜ್ಜ್ಯಾ, ಫೋನ್ ಇಡೋ, ಡ್ರೈವರ್ ಫೋನ್ ಬರ್ತಾವ' ಅಂತ ಕೂಗಿದ್ರು. ಮರದ ಕೆಳಗೆ ಕೂತಾಗ ನೆನಪಾಯ್ತು. ಅಷ್ಟೊತ್ತಿಗೆ ಇಡೀ ಅಪಾರ್ಟ್‌ಮೆಂಟ್ ನೋಡಿಯಾಗಿತ್ತು."

ಅಪ್ಪನಿಗೆ ಹೇಳುತ್ತಾರೆಂದು ನಾನು ಕಿವಿಗಳಿಗೆ ಅಂತಿಮ ವಿದಾಯ ಹೇಳಿಕೊಂಡೆ. ಅವರು ಹೇಳಲಿಲ್ಲ. ಭಾನುವಾರ ತಮ್ಮ ಜೊತೆ ಒಂದು ಕಡೆ ಬರಬೇಕು, ಅಷ್ಟೇ ಶಿಕ್ಷೆ ಅಂದರು. ಮೈಸೂರಿನವರ ಸಿಟ್ಟು ಬಹಳ ಭಯಾನಕ, ಕಾಣುವುದೇ ಇಲ್ಲ.

೯ ಜುಲೈ, ಭಾನುವಾರ

ಇಂದಿನಿಂದ ಈ ವಹಿಯಲ್ಲಿ ನನ್ನನ್ನು ಮಹಾಮಂತ್ರಿಗಳು ಎಂದು ಸಂಬೋಧಿಸತಕ್ಕದ್ದು.

ತರುಣಣ್ಣ ಕರೆದುಕೊಂಡು ಹೋದದ್ದು ಕೃಷ್ಣಾನಗರದ ಓಣಿಯೊಂದರ ಡಬ್ಬಿಂಗ್ ಸ್ಟುಡಿಯೋಗೆ. ಅದೇ ಪಿಕ್ಚರಿಗೆ ತೆಲುಗಿನ ಮಾತು ಕೂಡಿಸುತ್ತಿದ್ದಾರೆ. ಮಾಡಿಸುವವರು ಸೀತಾರಾಮ ಸಾರ್. ಬಳ್ಳಾರಿ ಕಡೆಯವರು, ಕನ್ನಡ ತೆಲುಗು ಎರಡನ್ನೂ ಒಂದೇ ಬಾಯಲ್ಲಿ ಅಡಿಕೆಯ ಜೊತೆ ಅಗಿಯುತ್ತಾರೆ. ಗಾಜಿನ ಆಚೆ ಅವರು, ಈಚೆ ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆಯಲ್ಲಿ ಒಂದು ಮೈಕು, ಎದುರಿಗೆ ಪರದೆ.

"ಈ ಮೈಕು ಭಾರಿ ಚಾಡಿಕೋರ, ಬಾಬು" ಅಂದರು. "ಹೊಟ್ಟೆ ಗುರ್ ಅಂದ್ರೂ ಹೇಳ್ತದೆ, ಬಟ್ಟೆ ಸರ್ ಅಂದ್ರೂ ಹೇಳ್ತದೆ. ಇದರ ಮುಂದೆ ಯಾರಾಟಾನೂ ನಡೆಯಲ್ಲ."

ಕಥೆ ಇಷ್ಟು. ದೊಡ್ಡದೊಂದು ಮರದ ಪೊಟರೆಯೊಳಗೆ ಒಂದು ರಾಜ್ಯ. ರಾಜ ಒಂದು ಮುದಿ ಆಮೆ, ವರ್ಷದ ಬಹುಪಾಲು ನಿದ್ದೆ. ರಾಜ್ಯಭಾರವೆಲ್ಲ ಅಳಿಲು ಮಂತ್ರಿಯದು. ಅಳಿಲು ಎಂದರೆ ತೆಲುಗಿನಲ್ಲಿ ಉಡುತ. ಅಣ್ಣ ತಂಗಿ ಇಬ್ಬರು ಮಕ್ಕಳು ಆ ಪೊಟರೆಯೊಳಗೆ ಬೀಳುತ್ತಾರೆ, ಅವರನ್ನು ಮನೆಗೆ ಮುಟ್ಟಿಸಬೇಕಾದರೆ ರಾಜ ಏಳಬೇಕು, ರಾಜನೋ ಏಳುವುದಿಲ್ಲ.

ಉಡುತ ಮಂತ್ರಿಯ ದನಿಗೆ ಎಷ್ಟೋ ಮಕ್ಕಳನ್ನು ನೋಡಿಯಾಗಿತ್ತಂತೆ. ನಾನು ಅನ್ವಿತಾ ಮೇಡಂರನ್ನು ತೆಗೆದುಕೊಂಡು, ಇನ್ನಷ್ಟು ತೆಳ್ಳಗೆ ಅರೆದು, ಮೇಲೆ ನಮ್ಮ ಸಾಲಿಯ ಹೆಡ್‌ಮಾಸ್ಟರರ ಗತ್ತು ಚಿಮುಕಿಸಿ ನಾಲ್ಕು ಸಾಲು ಓದಿದೆ. ಸೀತಾರಾಮ ಸಾರ್ ಅಗಿಯುವುದನ್ನು ನಿಲ್ಲಿಸಿದರು.

"ಸಿಕ್ಕ ನನ್ನ ಉಡುತ" ಅಂದರು. ಆಮೇಲೆ ಬೆರಳು ತೋರಿಸಿದರು. "ಆದ್ರೆ ಕೇಳು. ವಿಜಯವಾಡದಲ್ಲಿ ಒಬ್ಬ ಹುಡುಗ ಇದ್ದಾನೆ, ಇದರಲ್ಲೇ ಹುಟ್ಟಿ ಬೆಳೆದೋನು. ನೀನು ನಡುವೆ ಕೈ ಕೊಟ್ಟರೆ ನಿಂದೆಲ್ಲಾ ಒರೆಸಿ ಮೊದಲಿನಿಂದ ಅವನ ಕೈಲಿ ಮಾಡಿಸ್ತೀನಿ. ಒಂದು ಅಳಿಲಿಗೆ ಎರಡು ಗಂಟಲು ಇರೋಕಾಗಲ್ಲ."

ಮನೆಗೆ ಬಂದು ಅಪ್ಪನಿಗೆ ವಿಷಯ ಮಂಡಿಸಿದೆ.

"ಪಿಕ್ಚರಿನ್ಯಾಗ ನಿನ್ನ ಮಾರಿ ಕಾಣತೈತೇನು?"

"ಇಲ್ಲಪ್ಪಾ, ಬರೇ ದನಿ."

"ಹಂಗಾದ್ರ ಮಾಡು."

೨೩ ಜುಲೈ

ಡಬ್ಬಿಂಗ್ ಎಂದರೆ ಬೇರೆಯವರ ತುಟಿಯ ಬಾಲ ಹಿಡಿದು ಓಡುವುದು. ಪರದೆಯ ಮೇಲೆ ಅಳಿಲಿನ ತುಟಿ ಕೂಡಿದಾಗ ನಮ್ಮದೂ ಕೂಡಬೇಕು, ಬಿಟ್ಟಾಗ ಬಿಡಬೇಕು. ಒಂದೊಂದು ಸಾಲನ್ನೂ ಮತ್ತೆ ಮತ್ತೆ ತಿರುಗಿಸಿ ತೋರಿಸುತ್ತಾರೆ. ನೀಲಾಳನ್ನು ಜೊತೆಗೆ ಒಯ್ಯುತ್ತೇನೆ, ನನ್ನ ಚೀಲ ಹಿಡಿಯಲು. ಮಹಾಮಂತ್ರಿಗಳು ಚೀಲ ಹಿಡಿಯುವುದು ಶೋಭಿಸುವುದಿಲ್ಲ. ಗಾಜಿನ ಆಚೆ ಸೋಫಾದ ಮೂಲೆಯಲ್ಲಿ ಕೂತು ಪರದೆಯನ್ನು ನುಂಗುವಂತೆ ನೋಡುತ್ತಾಳೆ.

ಇಂದು ಅಳಿಲು ಕೊಂಬೆಯಿಂದ ಜಾರಿ ಬೀಳುವ ಘಟನೆ. ಬೀಳುವಾಗ ಚೀರಬೇಕು. ಕಾಗದದಲ್ಲಿ "ಅಮ್ಮೋ" ಎಂದಿತ್ತು. ಪರದೆಯ ಮೇಲೆ ಕೊಂಬೆ ಲಟ್ಟೆಂದು ಮುರಿದ ಕೂಡಲೇ ನನಗೆ ನಿಜವಾಗಿ ಎದೆ ಝಲ್ಲೆಂದು "ಯವ್ವಾ" ಅಂದುಬಿಟ್ಟೆ. ರಾಯಚೂರೇ ಬಾಯಿಂದ ಹೊರಗೆ ಬಿದ್ದಂತಾಯಿತು. ಮತ್ತೆ ಮಾಡಿಸಿದರು. ಎಷ್ಟು ಸಲ ಅಂದರೂ "ಅಮ್ಮೋ" ಮಾತ್ರ ಯಾರೋ ಪಾಠ ಒಪ್ಪಿಸಿದಂತೆ.

ಸೀತಾರಾಮ ಸಾರ್ ತಲೆ ಕೆರೆದುಕೊಂಡು ಹೇಳಿದರು, "ಬಿಡು, ಮೊದಲನೇದೇ ಇರಲಿ. ಬೀಳೋನು ಭಾಷೆ ನೋಡ್ಕೊಂಡು ಬೀಳ್ತಾನಾ? ಈ ಉಡುತನ ತಾಯಿ ರಾಯಚೂರಿನೋಳು ಅಂದ್ಕೊಳ್ತಾರೆ."

೧೫ ಆಗಸ್ಟ್

ಸಾಲಿಯಲ್ಲಿ ಧ್ವಜ, ಲಡ್ಡು. ಪಿಕ್ಚರು ಕಡೆಯ ಎರಡು ರೀಲು ಬಿಟ್ಟು ಎಲ್ಲ ಮುಗಿಯಿತು. ಆ ಎರಡು ಇನ್ನೂ ಬಂದಿಲ್ಲ. ಕಾರಣ ವಿಚಾರಿಸಲಾಗುವುದು.

೩ ಸೆಪ್ಟೆಂಬರ್

ಕಾರಣ ಸಿಕ್ಕಿತು. ಅದು ನಮ್ಮ ಮಾಳಿಗೆಯ ಮೇಲೆಯೇ ಲುಂಗಿ ಉಟ್ಟುಕೊಂಡು ವಾಸವಾಗಿದೆ.

ಕಡೆಯ ಎರಡು ರೀಲಿನಲ್ಲಿ ಕಾಡಿನಲ್ಲಿ ಮಳೆ. ಅಳಿಲು ತೊಯ್ಯುತ್ತದೆ. ಒಣಗಿದ ಬಾಲಕ್ಕಿಂತ ಒದ್ದೆ ಬಾಲ ಕಷ್ಟವಂತೆ, ಕೂದಲು ಕೂದಲಿಗೆ ಅಂಟಬೇಕಂತೆ, ತುದಿಯಲ್ಲಿ ನೀರು ನಿಲ್ಲಬೇಕಂತೆ. ತರುಣಣ್ಣನ ಕಣ್ಣು ನಿದ್ದೆಗೆಟ್ಟು ಕೆಂಡದಂತಾಗಿದ್ದವು.

"ಅಣ್ಣಾ, ಒಂದು ಬಕೀಟು ನೀರು ಹೊಯ್ದುಬಿಡ್ರಿ, ತೊಯ್ತದ."

"ಅಷ್ಟು ಸುಲಭ ಇದ್ದಿದ್ರೆ ನನ್ನ ಮೈಸೂರಿಂದ ಯಾಕೆ ಕರೆಸ್ತಿದ್ರು ಹೇಳು."

ನನಗೇನು ಅವಸರವಿಲ್ಲ. ಗಂಟಲಲ್ಲಿ ಎರಡು ದಿನದಿಂದ ಒಂದು ಸಣ್ಣ ಕಪ್ಪೆ ಸೇರಿಕೊಂಡಿದೆ, ಅಷ್ಟೇ. ಸಾಲಿಯ ಎದುರಿನ ಐಸ್‌ಗೋಲಾದ ದೋಷ.

೧೭ ಸೆಪ್ಟೆಂಬರ್

ಕಪ್ಪೆ ಬೆಳೆದಿದೆ.

ಇಂದು ಅನ್ವಿತಾ ಮೇಡಂ ಆಗಿ ಅಭ್ಯಾಸ ಮಾಡಲು ಕೂತರೆ ಮೇಡಂ ಮೊದಲ ವಾಕ್ಯದ ಅರ್ಧದಲ್ಲಿ ಎಮ್ಮೆಯಾದರು. ಮತ್ತೆ ಮೇಡಂ, ಮತ್ತೆ ಎಮ್ಮೆ. ಅಜ್ಜಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ ನನ್ನ ಮಾರಿ ನೋಡಿ ನಕ್ಕಳು. "ಹುಡುಗ ಗಂಡಸಾಗಾಕತ್ತಾನ."

"ಗಂಡಸಲ್ಲ ಅಜ್ಜಿ, ನೆಗಡಿ."

"ಹೂನಪಾ. ಎಲ್ಲಾರಿಗೂ ಒಮ್ಮೆ ಆ ನೆಗಡಿ ಬರತೈತಿ. ಮತ್ತ ಹೋಗಂಗಿಲ್ಲ."

ಅಜ್ಜಿಯ ವೈದ್ಯಕೀಯ ಜ್ಞಾನವನ್ನು ನಾನು ಗಂಭೀರವಾಗಿ ಪರಿಗಣಿಸುವುದಿಲ್ಲ. ಆದರೂ ಅವಳು ಕೊಟ್ಟ ಜ್ಯೇಷ್ಠಮಧು ಅಗಿಯುತ್ತಿದ್ದೇನೆ. ಇನ್ನೊಂದು ದೂರು: ಇಸ್ತ್ರಿಯವನು ನನ್ನ ಪ್ಯಾಂಟುಗಳನ್ನೆಲ್ಲ ಗಿಡ್ಡ ಮಾಡಿಟ್ಟಿದ್ದಾನೆ. ಅಂಗಿಯ ತೋಳನ್ನೂ. ಅವ್ವ ಅವನನ್ನು ಬೈಯದೆ ನನ್ನನ್ನೇ ಗೋಡೆಗೆ ನಿಲ್ಲಿಸಿ ನೋಡಿದಳು. ಈ ಮನೆಯಲ್ಲಿ ನ್ಯಾಯವಿಲ್ಲ.

೧ ಅಕ್ಟೋಬರ್, ಭಾನುವಾರ

ರಾಜಾಜ್ಞೆ. ಕಡೆಯ ಎರಡು ರೀಲು ಬರುವವರೆಗೆ ಮಹಾಮಂತ್ರಿಗಳು ಮೌನವ್ರತ ಕೈಗೊಂಡಿದ್ದಾರೆ. ದನಿಯನ್ನು ಖರ್ಚು ಮಾಡಿದರೆ ಸವೆಯುತ್ತದೆ, ಹಾಗೇ ಕಟ್ಟಿಟ್ಟರೆ ಉಳಿಯುತ್ತದೆ. ವಿಜಯವಾಡದ ಆ ಹುಡುಗ ನನ್ನ ಅಳಿಲಿನ ಬಾಯೊಳಗೆ ಕಾಲಿಡುವುದನ್ನು ನಾನು ಸಹಿಸಲಾರೆ. ನನ್ನ "ಯವ್ವಾ" ಒರೆಸಿ ಹೋಗುವುದನ್ನೂ.

ಇನ್ನು ಮುಂದೆ ನಾನು ಸ್ಲೇಟಿನ ಮೇಲೆ ಬರೆಯುತ್ತೇನೆ, ನೀಲಾ ಅದನ್ನು ಓದಿ ಜಗತ್ತಿಗೆ ಹೇಳತಕ್ಕದ್ದು. ಅವಳು ತಲೆ ಅಲ್ಲಾಡಿಸಿದಳು, ಆಗುವುದಿಲ್ಲವೆಂದು. ನಾನು ಸ್ಲೇಟಿನ ಮೇಲೆ ಬರೆದೆ: "ನೀ ಹೇಳಬ್ಯಾಡ. ಅಳಿಲು ಹೇಳಲಿ. ಮಂದಿ ನಕ್ಕರ ಅಳಿಲಿಗೆ ನಗತಾರ, ನಿನಗಲ್ಲ."

ಬಹಳ ಹೊತ್ತು ಸ್ಲೇಟು ನೋಡುತ್ತ ನಿಂತಳು. ಆಮೇಲೆ ಅಡುಗೆಮನೆಗೆ ಹೋಗಿ, ಪಕ್ಕದ ಮನೆಯವರು ಕೂತಿದ್ದರೂ ಅಂಜದೆ, ಅಳಿಲಿನ ದನಿಯಲ್ಲಿ, "ಮಹಾಮಂತ್ರಿಗಳಿಗೆ ಇನ್ನೊಂದು ರೊಟ್ಟಿ ಬೇಕಂತ್ರಿ" ಎಂದಳು. ಅವ್ವ ನನಗೆ ಮೂರು ರೊಟ್ಟಿ ಹಾಕಿ, ತಾನು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳ್ಳಾಗಡ್ಡಿ ಹೆಚ್ಚುತ್ತಿದ್ದಳೇನೋ, ಕಾಣಲಿಲ್ಲ.

೧೨ ಅಕ್ಟೋಬರ್

ನನ್ನ ವಕ್ತಾರೆಯ ಮೇಲೆ ಶಿಸ್ತುಕ್ರಮ ಕೈಗೊಳ್ಳಬೇಕಾಗಿದೆ.

ಇರಾನಿ ಹೋಟೆಲಿನ ಬಿಸ್ಕೀಟಿನ ಅಂಗಡಿಗೆ ಹೋದೆವು. ನಾನು ಸ್ಲೇಟಿನ ಮೇಲೆ "ಅರ್ಧ ಕಿಲೋ ಉಸ್ಮಾನಿಯಾ" ಎಂದಷ್ಟೇ ಬರೆದದ್ದು. ಇವಳು ಗಲ್ಲೆಯವನಿಗೆ ತೆಲುಗಿನಲ್ಲಿ, "ಅರ್ಧ ಕಿಲೋ ಕೊಡಿ, ಮುರಿದದ್ದು ಹಾಕಬೇಡಿ, ಹೋದ ಸಲ ತಳದಲ್ಲಿ ಬರೀ ಪುಡಿ ಇತ್ತು" ಎಂದು ಉಡುತ ಮಂತ್ರಿಯ ಗತ್ತಿನಲ್ಲಿ ಹೇಳಿದಳು.

ಅವನು ಬಗ್ಗಿ ನೋಡಿ ಹಿಂದಿಯಲ್ಲಿ ನಕ್ಕ. "ಯೇ ಕೌನ್ ಹೈ ಭಾಯ್, ಫುಡ್ ಇನ್‌ಸ್ಪೆಕ್ಟರ್?"

ನಕ್ಕನಲ್ಲ, ಇನ್ನು ಇವಳು ಅಳುತ್ತಾಳೆ ಎಂದು ನಾನು ಕೈ ಹಿಡಿದೆ. ಇವಳು ಕೈ ಬಿಡಿಸಿಕೊಂಡು, "ಫುಡ್ ಇನ್‌ಸ್ಪೆಕ್ಟರ್ ಕಾದು, ಮಂತ್ರಿ" ಎಂದಳು, ಇನ್‌ಸ್ಪೆಕ್ಟರ್ ಅಲ್ಲ ಎಂದು. ಅವನು ಎರಡು ಬಿಸ್ಕೀಟು ಹೆಚ್ಚಿಗೆ ಹಾಕಿದ.

ಬರುವಾಗ ಬೂದೆಪ್ಪನ ಜೊತೆಯೂ ಮಾತು. ಅವನ ಹೆಂಡತಿ ಸುಗಲಮ್ಮನಿಗೆ ಕೂಸು ಯಾವಾಗ, ಹೆಸರು ಏನು, ಎಲ್ಲ. ನಾನು ಇದಾವುದನ್ನೂ ಬರೆದುಕೊಟ್ಟಿರಲಿಲ್ಲ. ಸ್ಲೇಟಿನಲ್ಲಿ "ಅಧಿಕಪ್ರಸಂಗ" ಎಂದು ಬರೆದು ತೋರಿಸಿದೆ. ಅದನ್ನೂ ಬೂದೆಪ್ಪನಿಗೆ ಓದಿ ಹೇಳಿದಳು.

ಮಧ್ಯಾಹ್ನ ಅವಳಿಗೆ ತುಟಿಯ ಪಾಠ ಹೇಳಿಕೊಟ್ಟೆ, ತಿದ್ದದಿದ್ದರೆ ನನ್ನ ಅಳಿಲಿನ ಮಾನ ಹೋಗುತ್ತದೆಂದು. ನಾನು ಶಬ್ದವಿಲ್ಲದೆ ಬಾಯಿ ಆಡಿಸುತ್ತೇನೆ, ಅವಳು ಅದಕ್ಕೆ ಕೂಡಿಸಿ ಮಾತಾಡಬೇಕು. ಬೇಗ ಕಲಿಯುತ್ತಾಳೆ. ಇದನ್ನು ಅವಳಿಗೆ ಹೇಳತಕ್ಕದ್ದಲ್ಲ.

೫ ನವೆಂಬರ್

ಇಂದು ಮನೆಯಲ್ಲಿ ಯಾರೂ ಇರದಾಗ ಫೋನು ಬಡಿದು ಬಡಿದು ನಿಲ್ಲಲಿಲ್ಲ. ವ್ರತ ಮುರಿದು "ಹಲೋ" ಅಂದೆ. ಡ್ರೈವರ್ ಸಾಯಿಕುಮಾರ. ನನಗೆ ದಿನಾ "ಏ ಚೋಟೇ" ಎನ್ನುವವನು ಇಂದು, "ಸಾರ್, ನಮಸ್ಕಾರ್ರಿ, ಗಾಡಿ ಲಿಂಗಂಪಲ್ಲಿ ಸ್ಟೇಷನ್ ಹತ್ರ ಪಂಕ್ಚರ್ ಆಗೇತಿ, ಬೈಬ್ಯಾಡ್ರಿ" ಎಂದ. ನನ್ನನ್ನು ಅಣಕಿಸಲು ಅವನಿಗೂ ಧೈರ್ಯ ಬಂತು. ಫೋನು ಕುಕ್ಕಿದೆ. ಅಪ್ಪನೂ ಹೀಗೇ ಕುಕ್ಕುತ್ತಾರೆ.

೧೪ ನವೆಂಬರ್, ಮಕ್ಕಳ ದಿನ

ತರುಣಣ್ಣ ಮೆಟ್ಟಿಲು ಇಳಿಯುತ್ತ, "ತೋಯ್ತು ಕಣೋ, ಕೊನೆಗೂ ತೋಯ್ತು" ಎಂದು ನನ್ನ ಬೆನ್ನು ಗುದ್ದಿದರು. ರೀಲುಗಳು ಸ್ಟುಡಿಯೋ ಮುಟ್ಟಿವೆ. ಶನಿವಾರ ಡಬ್ಬಿಂಗ್.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕಟ್ಟಿಟ್ಟ ದನಿಯನ್ನು ಹೊರತೆಗೆದೆ. ಕಟ್ಟಿಟ್ಟಲ್ಲೇ ಅದು ಕೊಬ್ಬಿ ಕೋಣವಾಗಿತ್ತು. ಇಷ್ಟು ದಿನದ ಜ್ಯೇಷ್ಠಮಧು ವ್ಯರ್ಥ. ಬಕೀಟಿನ ಮೇಲೆ ಕೂತೆ.

ಬಹಳ ಹೊತ್ತಾದ ಮೇಲೆ ಬಾಗಿಲಾಚೆಯಿಂದ ಅಳಿಲು ಕೇಳಿತು, "ಅಣ್ಣಾ, ಅಳಾಕತ್ತೀಯೇನು?"

ನಲ್ಲಿಯ ನೀರು ಮಾರಿಗೆ ಸಿಡಿದಿತ್ತು, ಅಷ್ಟೇ. ಆದರೆ ಆ ಕ್ಷಣದಲ್ಲಿ ನನ್ನ ಜೀವಮಾನದ ಅತ್ಯುನ್ನತ ಕುಚೇಷ್ಟೆ ನನಗೆ ಹೊಳೆಯಿತು.

೧೮ ನವೆಂಬರ್, ಶನಿವಾರ

ಯೋಜನೆ: ಬಾಯಿ ನನ್ನದು, ದನಿ ನೀಲಾಳದು. ಸೀತಾರಾಮ ಸಾರ್ ಚಹಾಕ್ಕೆ ಹೋದಾಗ ಅವಳನ್ನು ಮೈಕಿನ ಕೆಳಗೆ ಅಜ್ಜಿಯ ಕರಿ ಕಂಬಳಿಯೊಳಗೆ ಕೂರಿಸಿದೆ. ಪರದೆ ಚೆನ್ನಾಗಿ ಕಾಣಲಿ ಎಂಬ ನೆವದಲ್ಲಿ ದೀಪ ಆರಿಸಿದೆ. ಗಾಜಿನಾಚೆಯಿಂದ ನೋಡಿದರೆ ಕತ್ತಲಲ್ಲಿ ಒಬ್ಬ ಗಂಭೀರ ಮಹಾಮಂತ್ರಿ ಬಾಯಾಡಿಸುತ್ತಿದ್ದಾನೆ, ಅಷ್ಟೇ. ಕಂಬಳಿಗೆ ಒಂದು ಕಿಂಡಿ, ಅವಳಿಗೆ ಪರದೆ ಕಾಣಲು. ಅವಳ ತಲೆಯ ಮೇಲೆ ನನ್ನ ಕೈ. ತುಟಿ ಕೂಡುವಲ್ಲಿ ಒತ್ತುತ್ತೇನೆ.

ಮೊದಲ ಸಾಲು ಹೋಯಿತು. ಎರಡನೆಯದು, ಮೂರನೆಯದು. ಮಳೆಯಲ್ಲಿ ಜಾರುವ ಕಡೆ ಅವಳೂ "ಯವ್ವಾ" ಅಂದಳು, ಕಾಗದದಲ್ಲಿ ಇಲ್ಲದಿದ್ದರೂ. ಸೀತಾರಾಮ ಸಾರ್ "ಶಭಾಷ್" ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ.

ಆಮೇಲೆ ಅವರು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಹಿಂದಕ್ಕೆ ತಿರುಗಿಸಿ ಕೇಳಿ, ಮತ್ತೆ ಕೇಳಿದರು.

"ಬಾಬು."

ನಾನು ತಲೆಯಾಡಿಸಿದೆ.

"ಒಳಗೆ ಇಬ್ಬರು ಉಸಿರಾಡ್ತಿದ್ದಾರೆ."

ನಾನು ತಲೆ ಅಡ್ಡಡ್ಡ ಆಡಿಸಿದೆ.

"ಬಾಯಿ ಬಿಟ್ಟು ಹೇಳು."

ಬೇರೆ ದಾರಿಯಿರಲಿಲ್ಲ. "ಇಲ್ರಿ ಸಾರ್" ಎಂದಿತು ಕೋಣ.

ಅವರು ದೀಪ ಹಾಕಿಸಿದರು. ಗಾಜಿನ ಬಾಗಿಲು ತೆಗೆದು ಒಳಗೆ ಬಂದು ನನ್ನ ಗಂಟಲನ್ನೇ ನೋಡುತ್ತ ನಿಂತರು. "ಯಾವಾಗಿನಿಂದ?"

"ಐಸ್‌ಗೋಲಾ ತಿಂದಾಗಿಂದ್ರಿ."

"ಈ ಐಸ್‌ಗೋಲಾ ನಾನೂ ತಿಂದಿದ್ದೆ, ನಿನ್ನ ವಯಸ್ಸಲ್ಲಿ" ಎಂದರು. ಆದರೆ ಮಾರಿಯ ಮೇಲೆ ನಗು ಇರಲಿಲ್ಲ. ಮುಂದಿನ ತಿಂಗಳು ಬಿಡುಗಡೆ, ನನಗೇ ಮೋಸ ಮಾಡಲು ನೋಡಿದೆಯಾ ಎಂದು ಬೈದರು. ಮೊಬೈಲು ತೆಗೆದರು. ವಿಜಯವಾಡಕ್ಕೆ.

ಆಗ ನಾನು ಹೇಳಿದ್ದನ್ನು ದಾಖಲೆಗಾಗಿ ಬರೆದಿಡುತ್ತೇನೆ. "ಸಾರ್, ನಂದೆಲ್ಲಾ ಒರಸ್ರಿ. ಮೊದಲಿನಿಂದ ಇಕಿ ಕಡೆಯಿಂದನ ಮಾಡಸ್ರಿ. ಎಲ್ಲಾ ಸಾಲು ಬಾಯಿಪಾಠ ಅದಾವ. ನನಗಿಂತ ಚಲೋ ಮಾಡತಾಳ." ಇದನ್ನು ತ್ಯಾಗವೆಂದು ಯಾರೂ ತಪ್ಪು ತಿಳಿಯಬಾರದು. ಇದು ವಿಜಯವಾಡವನ್ನು ಸೋಲಿಸುವ ರಾಜತಂತ್ರ.

ಸೀತಾರಾಮ ಸಾರ್ ಉತ್ತರ ಕೊಡುವ ಮೊದಲೇ ಕಂಬಳಿ ಮಾತಾಡಿತು. ಅಳಿಲಿನ ದನಿಯಲ್ಲಲ್ಲ, ಅವಳದೇ ದನಿಯಲ್ಲಿ. ಹೊರಗಿನವರ ಎದುರು ಆ ದನಿಯನ್ನು ನಾನು ಕೇಳಿ ಎರಡು ವರ್ಷದ ಮೇಲಾಗಿತ್ತು.

"ನಮ್ಮಣ್ಣಗ ಬೈಬ್ಯಾಡ್ರಿ ಸಾರ್. ಅವಂದು ಒರಸಬ್ಯಾಡ್ರಿ. ಅವಂದು ಒರಸಿದ್ರ ನಾ ಮಾಡಂಗಿಲ್ಲ."

ಚಾಡಿಕೋರ ಮೈಕು ಅದನ್ನು ಗಾಜಿನಾಚೆಯ ದೊಡ್ಡ ಸ್ಪೀಕರಿನಲ್ಲಿ ಸಾರಿತು. ಸೀತಾರಾಮ ಸಾರ್ ಕಂಬಳಿಯ ಕಿಂಡಿಯೊಳಗೆ ಬಗ್ಗಿ ನೋಡಿದರು. ಮೊಬೈಲು ಜೇಬಿಗೆ ಹೋಯಿತು.

ನನ್ನ ಕೊನೆಯ ರೀಲಿನ ಹಿಂದೆ ಅವಳ ಮೊದಲ ಸಾಲನ್ನು ಜೋಡಿಸಿ ಹಾಕಿದರು. ಕಣ್ಣು ಮುಚ್ಚಿ ಕೇಳಿದರು. ಎಲ್ಲಿ ನಾನು ಮುಗಿದೆ, ಎಲ್ಲಿ ಅವಳು ಶುರುವಾದಳು ಎಂದು, ತಮ್ಮ ಒದ್ದೆ ಬಾಲ ನೋಡಲು ಬಂದು ಗಾಜಿನಾಚೆ ಕೂತಿದ್ದ ತರುಣಣ್ಣನನ್ನು ಕೇಳಿದರು. ಅವರಿಗೆ ಗೊತ್ತಾಗಲಿಲ್ಲ. ಸೀತಾರಾಮ ಸಾರ್‌ಗೂ ಆಗಲಿಲ್ಲ.

"ಒಂದು ಅಳಿಲಿಗೆ ಎರಡು ಗಂಟಲು ಇರೋಕಾಗಲ್ಲ ಅಂದಿದ್ದೆ" ಎಂದರು. "ಒಂದೇ ಮನೇವಾದ್ರೆ ನಡೀತದೆ. ಅಮ್ಮಾಯೀ, ಕಂಬಳಿ ತೆಗಿ, ಸೆಕೆ ಆಗ್ತದೆ."

ಸ್ಟೂಲಿನ ಮೇಲೆ ನಿಂತು ಮಾಡಿದಳು. ಕಡೆಯಲ್ಲಿ ಅಳಿಲು ರಾಜನ ಚಿಪ್ಪಿನ ಮೇಲೆ ಹತ್ತಿ ಕೂಗುತ್ತದೆ, "ಮಹಾಪ್ರಭೂ, ಲೇವಂಡಿ." ಏಳಿ ಎಂದು. ಅದನ್ನು ಅವಳು ಎಷ್ಟು ಜೋರಾಗಿ ಕೂಗಿದಳೆಂದರೆ ಹೊರಗೆ ಮಲಗಿದ್ದ ಸ್ಟುಡಿಯೋದ ವಾಚ್‌ಮನ್ ಎದ್ದು ಬಂದ.

೧೭ ಡಿಸೆಂಬರ್, ಭಾನುವಾರ

ನಾರಾಯಣಗೂಡದ ಟಾಕೀಸಿನಲ್ಲಿ ಸಹಕುಟುಂಬ ದರ್ಶನ. ಅಪ್ಪ, ಅವ್ವ, ಅಜ್ಜಿ, ತರುಣಣ್ಣ, ಬೂದೆಪ್ಪ, ಹೊಟ್ಟೆ ಹಿಡಿದುಕೊಂಡು ಸುಗಲಮ್ಮ. ಗಂಟಲು ಬದಲಾದ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ನೀಲಾ ಹೇಳೋಣವೆಂದಳು, ನಾನು ಕಾಯೋಣವೆಂದೆ.

ಅಳಿಲು ಕೊಂಬೆಯಿಂದ ಬಿದ್ದು "ಯವ್ವಾ" ಅಂದಾಗ ಇಡೀ ಟಾಕೀಸು ಗೊಳ್ಳೆಂದಿತು. ಹಿಂದಿನ ಸಾಲಿನಲ್ಲಿ ಯಾರೋ ನಮ್ಮ ಕಡೆಯ ಕಟ್ಟಡದ ಕೆಲಸದವರು ಸೀಟಿ ಹೊಡೆದರು. ಎರಡನೆಯ "ಯವ್ವಾ"ಕ್ಕೆ ಮತ್ತೂ ಜೋರು. ರಾಜ ಎದ್ದ, ಅಣ್ಣ ತಂಗಿ ಮನೆ ಮುಟ್ಟಿದರು.

ದೀಪ ಹತ್ತಿತು, ಜನ ಎದ್ದರು. ನಾವು ಮಾತ್ರ ತರುಣಣ್ಣನ ಹೆಸರಿಗೆ ಕಾದು ನಿಂತೆವು. ಇಂಗ್ಲಿಷಿನಲ್ಲಿ ಇರುವೆಸಾಲಿನಂತೆ ಹೆಸರುಗಳು, ಅಕ್ಷರಮಾಲೆಯ ಕ್ರಮದಲ್ಲಿ. ಆಪರೇಟರು ಎಸ್ ವರೆಗೆ ಬಿಟ್ಟು ಮಶೀನು ಬಂದ್ ಮಾಡಿದ. ಟಿ ಬರಲಿಲ್ಲ. ತರುಣಣ್ಣ ಅಲ್ಲಿಂದಲೇ ಮೈಸೂರಿಗೆ ಫೋನ್ ಮಾಡಿ, ತಮಗೆ ಆನಂದ ಎಂದು ಯಾಕೆ ಹೆಸರಿಡಲಿಲ್ಲ ಎಂದು ತಮ್ಮ ತಂದೆಯನ್ನು ತರಾಟೆಗೆ ತೆಗೆದುಕೊಂಡರು. ನಮ್ಮದು ಮೊದಲಿಗೇ ಬಂದಿತ್ತು: "ತೆಲುಗು ಮಾತು: ಸೀತಾರಾಮ ಮತ್ತು ಬೃಂದ". ಬೃಂದ ಎಂದರೆ ನಾವು.

ಆಟೋದಲ್ಲಿ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದಳು, "ಮೊದಲನೇ ಯವ್ವಾ ನಿಂದು. ಎರಡನೇದು ಕೂಸಿಂದು."

"ಹೆಂಗ ಗೊತ್ತಾತು?"

"ನೀ ಬೀಳೂ ಮುಂದ ಅಂಜಿದ್ದಿ. ಆಕಿ ಬೀಳೂ ಮುಂದ ಖುಷಿ ಇದ್ಲು."

ಸೀತಾರಾಮ ಸಾರ್‌ಗೆ ಸಿಗದ ಜೋಡಣೆ ನಮ್ಮ ಅಜ್ಜಿಗೆ ಸಿಕ್ಕಿತು. ಅದೂ ಹೆಡ್‌ಫೋನಿಲ್ಲದೆ.

೨೦ ಡಿಸೆಂಬರ್

ಸಂಜೆ ಫೋನು ಬಡಿಯಿತು. ಅಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ಎತ್ತಿ ಯಾವ ದುರುದ್ದೇಶವೂ ಇಲ್ಲದೆ "ಹಲೋ" ಎಂದೆ. ಮುಂದೆ ನಡೆದದ್ದಕ್ಕೆಲ್ಲ ನನ್ನ ಗಂಟಲೇ ಹೊಣೆ.

"ಅಮರೇಶಪ್ಪ ಗಾರೂ, ನಮಸ್ಕಾರಂ" ಎಂದರು ವೇದವತಿ ಮೇಡಂ.

ದೂರು ಹೀಗಿತ್ತು. ನೀಲಾ ಬಾಯಿ ಮುಚ್ಚುವುದಿಲ್ಲ. ತನ್ನ ಹಾಜರಿಯ ಜೊತೆ ಪಕ್ಕದವರದ್ದೂ ಕೂಗುತ್ತಾಳೆ. ಗಣಿತದ ಹೊತ್ತಿನಲ್ಲಿ ಹಿಂದಿನ ಬೆಂಚಿಗೆ ಆಮೆರಾಜನ ಕಥೆ. ಇಂದು ತೂಕಡಿಸುತ್ತಿದ್ದ ಹುಡುಗನೊಬ್ಬನ ಕಿವಿಯಲ್ಲಿ "ಮಹಾಪ್ರಭೂ, ಲೇವಂಡಿ" ಎಂದು ಕೂಗಿದ್ದಕ್ಕೆ ಅವನು ಬೆಂಚಿನಿಂದ ಕೆಳಗೆ ಬಿದ್ದ. "ತಂದೆಯಾಗಿ ನೀವು ಸ್ವಲ್ಪ ಗಟ್ಟಿಯಾಗಿ ಹೇಳಬೇಕು."

ಇಂಥ ಅವಕಾಶ ಜೀವಮಾನದಲ್ಲಿ ಒಮ್ಮೆ ಬರುತ್ತದೆ. ಅಪ್ಪನ ದನಿ ಪುಕ್ಕಟೆ ಸಿಕ್ಕಿದೆ, ಆಚೆ ತುದಿಯಲ್ಲಿ ಒಬ್ಬ ಟೀಚರು ವಿನಯದಿಂದ ಕಾಯುತ್ತಿದ್ದಾರೆ. ಏನೇನು ಹೇಳಬಹುದಿತ್ತು. ಸಾಲಿಗೆ ಒಂದು ವಾರ ರಜೆ ಕೊಡಿಸಬಹುದಿತ್ತು. ಮೇಡಂ ಅವರನ್ನೇ ಟೈ ಕಟ್ಟಿಸಿ ಮರದ ಕೆಳಗೆ ಕೂರಿಸಬಹುದಿತ್ತು. ಆದರೆ ಗಂಟಲು ಸರಿಪಡಿಸಿಕೊಂಡು ಬಾಯಿ ತೆರೆದರೆ ಬಂದದ್ದು ಇಷ್ಟೇ, ತೆಲುಗಿನಲ್ಲಿ: "ಮಾತಾಡಲಿ ಬಿಡಿ ಮೇಡಂ. ಬಹಳ ದಿನ ಸುಮ್ಮನಿದ್ದಳು."

ಮೇಡಂ ನಕ್ಕು, "ಸರೇನಂಡಿ, ಅದೂ ನಿಜ" ಎಂದು ಇಟ್ಟರು. ಇಷ್ಟು ಒಳ್ಳೆಯ ಕುಚೇಷ್ಟೆಯನ್ನು ಹೀಗೆ ಹಾಳು ಮಾಡಿದ್ದಕ್ಕೆ ನನ್ನ ಮೇಲೆ ನನಗೇ ಬೇಸರವಾಗಿದೆ.

"ಯಾರದಣ್ಣಾ ಫೋನು?" ನೀಲಾ ಒಳಗಿನಿಂದ ಕೇಳಿದಳು.

"ರಾಂಗ್ ನಂಬರ್."

"ರಾಂಗ್ ನಂಬರಿನ ಜೋಡಿ ಇಷ್ಟೊತ್ತು ಯಾರು ಮಾತಾಡ್ತಾರ? ಏನಂದ್ರು? ನೀ ಏನಂದಿ? ಮೇಡಂ ಅಂದಿ ಅಲ್ಲ, ಯಾವ ಮೇಡಂ?"

ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಮಾಳಿಗೆಗೆ ನನ್ನ ಹಿಂದೆಯೇ ಬಂದು ಈಗಲೂ ಎದುರಿಗೆ ಕೂತು ಕೇಳುತ್ತಿದ್ದಾಳೆ. ರಾಜಾಜ್ಞೆ: ಮೌನಿಬಾಬಾ ಎಂಬ ಬಿರುದನ್ನು ಇಂದಿನಿಂದ ಹಿಂಪಡೆಯಲಾಗಿದೆ. ಹೊಸ ಬಿರುದೊಂದನ್ನು ಯೋಚಿಸಬೇಕು, ಈ ಹುಡುಗಿ ಒಂದು ನಿಮಿಷ ಸುಮ್ಮನಿದ್ದರೆ ತಾನೆ.